ಹುಡುಗರ ಆಟದ ಪಂದ್ಯಗಳೂ ಪ್ರವೇಶದ ಹಣವೂ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಶನಿವಾರ ಸಂಜೆ ನಮ್ಮ ತಮ್ಮನ ಮಗನು ನಮ್ಮ ಮುಂದೆ ಬಂದು ನಿಂತು, ಕೇಳಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡೆಗೆ, “ದೊಡ್ಡಪ್ಪ, ನಾಳೆ ಗೇಮಿಂಗ್ ಸೆಂಟರಿನಲ್ಲಿ ಟೂರ್ನಮೆಂಟ್ ಇದೆ. ಇನ್ನೂರು ರೂಪಾಯಿ ಎಂಟ್ರಿ ಫೀಸು ಕಟ್ಟಬೇಕು, ಕೊಡುತ್ತೀರಾ?” ಎಂದನು. ನಾವು ಉತ್ತರ ಹೇಳುವುದಕ್ಕೆ ಮೊದಲೇ, ಒಳಗೆ ಹೂ ಕಟ್ಟುತ್ತಿದ್ದ ನಮ್ಮ ತಾಯಿಯವರು, “ಏನಪ್ಪಾ ಇದು! ಎಲ್ಲರೂ ದುಡ್ಡು ಕಟ್ಟುವುದು, ಗೆದ್ದವನು ಅದನ್ನು ಬಾಚಿಕೊಂಡು ಹೋಗುವುದು. ನಮ್ಮ ಕಾಲದಲ್ಲಿ ಇದಕ್ಕೆ ಜೂಜು ಅನ್ನುತ್ತಿದ್ದರು. ಈಗ ಬೇರೆ ಹೆಸರು ಬಂತೋ?” ಎಂದರು. ಹುಡುಗನ ಮುಖ ಕೆಂಪೇರಿತು. “ಜೂಜಲ್ಲ ಅಜ್ಜಿ, ಇದು ಆಟ” ಎಂದು ಅವನು ಹೇಳಿದನು.

ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವಂತೆ ನಮಗೆ ತೋರಿತು. ಹಣವನ್ನು ಕೊಟ್ಟೆವು; ಆದರೆ ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಕಣ್ಣಾರೆ ನೋಡಬೇಕೆಂದು ಮರುದಿನ ಅವನೊಡನೆ ನಾವೂ ಹೊರಟೆವು. ಇಂಥ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ, ನಾವು ಕಂಡುದನ್ನೂ ವಿಚಾರಿಸಿ ತಿಳಿದುದನ್ನೂ ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು.

ಈ ಆಟದ ಕೇಂದ್ರಗಳನ್ನು ವಾಚಕರಲ್ಲಿ ಕೆಲವರು ನೋಡಿರಲಿಕ್ಕಿಲ್ಲ. ನಮ್ಮ ದೊಡ್ಡ ಊರುಗಳಲ್ಲಿ ಕಾಲೇಜುಗಳ ಸಮೀಪದಲ್ಲಿಯೋ ಅಂಗಡಿಸಾಲಿನ ಮೇಲಂತಸ್ತಿನಲ್ಲಿಯೋ ಒಂದು ಹಜಾರವನ್ನು ಬಾಡಿಗೆಗೆ ಹಿಡಿದು, ಅದರಲ್ಲಿ ಕಂಪ್ಯೂಟರುಗಳನ್ನೂ, ಟೆಲಿವಿಷನ್ನಿಗೆ ಜೋಡಿಸಿದ ಆಟದ ಯಂತ್ರಗಳನ್ನೂ ಸಾಲಾಗಿ ಇರಿಸಿರುತ್ತಾರೆ. ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಆಡತಕ್ಕದ್ದು. ಒಂದೊಂದು ಯಂತ್ರಕ್ಕೂ ಅರ್ಧ ಲಕ್ಷದಷ್ಟು ಬೆಲೆಯಾಗುವುದರಿಂದ, ಮನೆಯಲ್ಲಿ ಅದನ್ನು ಕೊಳ್ಳಲಾರದ ಹುಡುಗರಿಗೆ ಇದೊಂದು ಅನುಕೂಲವೇ ಸರಿ. ಯಜಮಾನನ ಕಷ್ಟವೂ ಅಲ್ಪವಲ್ಲ. ಕಟ್ಟಡದ ಬಾಡಿಗೆ, ವಿದ್ಯುಚ್ಛಕ್ತಿಯ ಖರ್ಚು, ಯಂತ್ರಗಳ ಸವಕಳಿ, ಇವೆಲ್ಲ ಜನ ಬಂದರೂ ಬಾರದಿದ್ದರೂ ತಪ್ಪುವುದಿಲ್ಲ. ಆದುದರಿಂದ ಆಗಾಗ ಪಂದ್ಯಗಳನ್ನೇರ್ಪಡಿಸಿ ಹುಡುಗರನ್ನು ಆಕರ್ಷಿಸುವುದು ಈ ವ್ಯಾಪಾರದ ಒಂದು ಕ್ರಮವಾಗಿದೆ. ಪಂದ್ಯಕ್ಕೆ ಮುಂಚಿನ ವಾರವೆಲ್ಲ ಹುಡುಗರು ಅಭ್ಯಾಸಕ್ಕಾಗಿ ಬಂದು ಗಂಟೆಯ ಬಾಡಿಗೆ ಕೊಡುವರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾವು ಹೋದ ಕೇಂದ್ರದ ಹೆಸರನ್ನು ಇಲ್ಲಿ ಹೇಳುವ ಅವಶ್ಯಕತೆಯಿಲ್ಲ. ಅಂದಿನ ಪಂದ್ಯ ಕಾಲ್ಚೆಂಡಿನದು. ಹಿಂದೆ ‘ಫಿಫಾ’ ಎಂಬ ಹೆಸರಿನಿಂದ ಬರುತ್ತಿದ್ದು ೨೦೨೩ರಿಂದ ‘ಎಫ್‌ಸಿ’ ಎಂದು ಹೆಸರು ಬದಲಾಯಿಸಿಕೊಂಡ ಆಟ. ಬಾಗಿಲಲ್ಲಿ ಅಂಟಿಸಿದ್ದ ಚೀಟಿಯಲ್ಲಿ, ಮೂವತ್ತೆರಡು ಮಂದಿಗೆ ಅವಕಾಶವೆಂದೂ, ಪ್ರವೇಶಶುಲ್ಕ ೨೦೦ ರೂಪಾಯಿಯೆಂದೂ, ಬಹುಮಾನ ೫,೦೦೦ ರೂಪಾಯಿಯೆಂದೂ ದಪ್ಪಕ್ಷರಗಳಲ್ಲಿ ಬರೆದಿತ್ತು. ಹತ್ತು ಗಂಟೆಗೆ ಪ್ರಾರಂಭವಾಗಬೇಕಾದ ಆಟ ಹನ್ನೊಂದೂವರೆಯಾದರೂ ಪ್ರಾರಂಭವಾಗಲಿಲ್ಲ. ಕಡೆಗೆ ಯಜಮಾನನು ಬಂದು, ಹದಿನಾರು ಮಂದಿ ಮಾತ್ರ ಬಂದಿರುವುದರಿಂದ ಬಹುಮಾನ ೨,೦೦೦ ರೂಪಾಯಿ ಎಂದು ತಿಳಿಸಿದನು. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹಣವಾದರೋ ಆಗಲೇ ಸಂದಾಯವಾಗಿತ್ತು. ಹಿಂದಕ್ಕೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಾವು ಜೇಬಿನಲ್ಲಿದ್ದ ದಿನಸಿ ಅಂಗಡಿಯ ಬಿಲ್ಲಿನ ಹಿಂಭಾಗದಲ್ಲಿ ಒಂದು ಲೆಕ್ಕ ಹಾಕಿದೆವು. ಮೂವತ್ತೆರಡು ಮಂದಿ ಬಂದಿದ್ದರೆ ಕೂಡುತ್ತಿದ್ದ ಹಣ ೬,೪೦೦ ರೂಪಾಯಿ. ಅದರಲ್ಲಿ ೫,೦೦೦ ಬಹುಮಾನಕ್ಕೆ ಹೋದರೆ ಕೇಂದ್ರಕ್ಕೆ ೧,೪೦೦ ಉಳಿಯುವುದು. ಅಂದರೆ ತಲೆಯೊಂದಕ್ಕೆ ಸುಮಾರು ೪೪ ರೂಪಾಯಿ. ಈಗ ಕೂಡಿದುದು ೩,೨೦೦, ಬಹುಮಾನಕ್ಕೆ ೨,೦೦೦, ಕೇಂದ್ರಕ್ಕೆ ೧,೨೦೦, ಅಂದರೆ ತಲೆಗೆ ೭೫ ರೂಪಾಯಿ. ಜನ ಅರ್ಧವಾದರು, ಬಹುಮಾನವು ಅರ್ಧಕ್ಕಿಂತಲೂ ಕೆಳಗಿಳಿಯಿತು, ಯಜಮಾನನ ಪಾಲು ಮಾತ್ರ ಹೆಚ್ಚುಕಡಮೆ ಹಾಗೆಯೇ ನಿಂತಿತು. ಜನ ಕಡಮೆಯಾದುದರ ನಷ್ಟವನ್ನು ಬಹುಮಟ್ಟಿಗೆ ಹೊತ್ತವರು ಬಂದು ಹಣ ಕಟ್ಟಿದ ಹುಡುಗರೇ.

ನಮ್ಮ ಹುಡುಗನು ಮೊದಲನೆಯ ಆಟದಲ್ಲಿಯೇ ಸೋತನು. ಗಡಿಯಾರ ನೋಡಿದೆವು: ಹದಿನಾಲ್ಕು ನಿಮಿಷ. ಇನ್ನೂರು ರೂಪಾಯಿಯ ಆಟ ಅಲ್ಲಿಗೆ ಮುಗಿಯಿತು. ಇಷ್ಟರಲ್ಲಿ ನಮ್ಮ ಹಿಂದೆ ನಿಂತಿದ್ದ, ಪಂದ್ಯದಲ್ಲಿ ಸೇರದ ಇಬ್ಬರು ಯುವಕರು ಮುಂದಿನ ಆಟದಲ್ಲಿ ಗೆಲ್ಲುವವರು ಯಾರೆಂದು ತಮ್ಮತಮ್ಮಲ್ಲಿ ಐವತ್ತು ರೂಪಾಯಿ ಪಣ ಒಡ್ಡಿಕೊಂಡರು. ಯಜಮಾನನಿಗೆ ಅದು ಕೇಳಿಸಿತು. ಆದರೆ ಅವನು ಕೇಳಿಸದವನಂತೆ ಇದ್ದನು.

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ದೊಡ್ಡಪ್ಪ, ಮುಂದಿನ ವಾರವೂ ಇದೆ. ಈ ಇನ್ನೂರನ್ನೂ ಸೇರಿಸಿ ಗೆದ್ದುಕೊಂಡು ಬರುತ್ತೇನೆ” ಎಂದನು. ಅವನು ಸೋತುದಕ್ಕೆ ನಮಗೆ ವ್ಯಸನವಾಗಿರಲಿಲ್ಲ. ಈ ಮಾತು ಮಾತ್ರ ನಮ್ಮನ್ನು ಬೆಚ್ಚಿಬೀಳಿಸಿತು. ಕಳೆದುದನ್ನು ಹಿಂದಕ್ಕೆ ಪಡೆಯುವುದಕ್ಕಾಗಿ ಮತ್ತೊಮ್ಮೆ ಒಡ್ಡುವುದೇ ಅಲ್ಲವೆ ಧರ್ಮರಾಯನಂಥವನನ್ನೂ ಪಗಡೆಯ ಹಾಸಿನಿಂದ ಏಳಗೊಡದೆ ಹಿಡಿದಿಟ್ಟದ್ದು? ನಮ್ಮ ತಾಯಿಯವರು ಹೂ ಕಟ್ಟುತ್ತ ಆಡಿದ ಮಾತು ನೆನಪಿಗೆ ಬಂದಿತು.

ಹಾಗಾದರೆ ಹಣ ಕಟ್ಟಿ ಪಂದ್ಯಕ್ಕೆ ಸೇರುವುದೆಲ್ಲವೂ ಜೂಜೆಂದು ಹೇಳಬಹುದೆ? ಹಾಗೆ ಹೇಳುವುದಕ್ಕೆ ಆಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ ಪಂದ್ಯಗಳಿಗೆ ತಂಡವೊಂದಕ್ಕೆ ಇಷ್ಟು ಪ್ರವೇಶಶುಲ್ಕವೆಂದು ಚೀಟಿ ಅಚ್ಚುಹಾಕಿಸುವುದು ಸಾಮಾನ್ಯ. ಅದನ್ನು ಯಾರೂ ಜೂಜೆನ್ನುವುದಿಲ್ಲ. ಅದೇ ಹಳ್ಳಿಯ ಹೊರಗೆ ಕೋಳಿ ಅಂಕ ನಡೆದರೆ ಪೊಲೀಸರು ಬರುತ್ತಾರೆ. ಎರಡು ಕಡೆಯೂ ಹಣವಿದೆ, ಸೋಲುಗೆಲುವುಗಳಿವೆ. ಆದರೆ ಮೊದಲನೆಯದರಲ್ಲಿ ಹಣ ಕೊಟ್ಟವನು ತಾನೇ ಬೆವರು ಸುರಿಸಿ ಆಡುತ್ತಾನೆ. ಅವನ ಹಣದಲ್ಲಿ ಒಂದಂಶ ಅಂಗಳಕ್ಕೆ, ಚೆಂಡಿಗೆ, ತೀರ್ಪುಗಾರರ ಊಟಕ್ಕೆ ಸಲ್ಲುತ್ತದೆ. ಬಹುಮಾನಕ್ಕೆ ಊರಿನ ಗಣ್ಯರಾರಾದರೂ ನೆರವಾಗಿರುತ್ತಾರೆ. ಎರಡನೆಯದರಲ್ಲಿ ಹೋರಾಡುವುದು ಕೋಳಿ. ಹಣ ಕಟ್ಟಿದವನು ನಿಂತು ನೋಡುವವನು. ನಮ್ಮ ಕುಸ್ತಿಯ ಅಖಾಡಗಳಲ್ಲಿ ಪೈಲವಾನನು ತಾನು ಹಣ ಕೊಡುವುದೇ ಇಲ್ಲ. ನೋಡುವವರು ಟಿಕೇಟು ಕೊಳ್ಳುತ್ತಾರೆ. ಈ ಹೊಸ ಆಟಗಳ ಚಿಕ್ಕ ಪಂದ್ಯಗಳಲ್ಲಿಯೋ ನೋಡುವವರೆಂದು ಬೇರೆ ಯಾರೂ ಇಲ್ಲದಿರುವುದರಿಂದ ಆಡುವವನೇ ಎಲ್ಲ ಖರ್ಚನ್ನೂ ಹೊರಬೇಕಾಗಿದೆ.

ಪರದೇಶಗಳಲ್ಲಿ ಈ ವಿಷಯವನ್ನು ಹೇಗೆ ನಡಸಿದ್ದಾರೆಂದು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸನ್ನಿವೇಲ್ ಎಂಬ ಊರಿನಲ್ಲಿ, ನಾಣ್ಯ ಹಾಕಿ ಆಡುವ ಯಂತ್ರಗಳಿದ್ದ ಗಾಲ್ಫ್‌ಲ್ಯಾಂಡ್ ಎಂಬ ವಿನೋದಸ್ಥಳದಲ್ಲಿ, ೧೯೯೬ರಲ್ಲಿ ನಾಲ್ವತ್ತು ಮಂದಿ ಸೇರಿ ‘ಸ್ಟ್ರೀಟ್ ಫೈಟರ್’ ಎಂಬ ಕಾಳಗದ ಆಟದ ಪಂದ್ಯವನ್ನಾಡಿದರು. ಅದೇ ಬೆಳೆದು ೨೦೦೨ರಿಂದ ‘ಇವೊ’ ಎಂದು ಹೆಸರಾಯಿತು; ೨೦೨೩ರಲ್ಲಿ ಲಾಸ್ ವೇಗಾಸ್ ನಗರದಲ್ಲಿ ಆ ಆಟವೊಂದಕ್ಕೇ ಏಳು ಸಾವಿರಕ್ಕೂ ಮೇಲ್ಪಟ್ಟು ಜನ ಹೆಸರು ಕೊಟ್ಟಿದ್ದರು. ಈ ಪಂದ್ಯದಲ್ಲಿ ಬಹುಕಾಲ ನಡೆದುಬಂದ ಕ್ರಮವೇನೆಂದರೆ, ಸ್ಥಳಕ್ಕೆ ಬರುವುದಕ್ಕೆ ಒಂದು ಹಣ, ಒಂದೊಂದು ಆಟಕ್ಕೆ ಸೇರುವುದಕ್ಕೆ ಬೇರೆ ಹತ್ತು ಡಾಲರು. ಮೊದಲನೆಯದು ಸ್ಥಳದ ಖರ್ಚಿಗೆ. ಎರಡನೆಯದು ಇಡಿಯಾಗಿ ಬಹುಮಾನದ ಗಂಟಿಗೆ ಸೇರಿ ಮೇಲಿನ ಎಂಟು ಮಂದಿಗೆ ಹಂಚಿಕೆಯಾಗುವುದು. ಎರಡು ಹಣಕ್ಕೂ ಎರಡು ಹೆಸರಿರುವುದರಿಂದ, ತನ್ನ ಡಾಲರು ಎಲ್ಲಿಗೆ ಹೋಯಿತೆಂದು ಸೋತವನಿಗೂ ತಿಳಿದಿರುತ್ತದೆ.

ಜಪಾನಿನವರು ಇನ್ನೂ ಕಠಿನವಾದ ದಾರಿಯನ್ನು ಹಿಡಿದರು. ಅಲ್ಲಿಯ ದಂಡಸಂಹಿತೆಯಂತೆ ಜೂಜಾಡುವುದು ಅಪರಾಧ. ಆಟಗಾರರಿಂದ ಕೂಡಿಸಿದ ಹಣವನ್ನೇ ಗೆದ್ದವನಿಗೆ ಒಪ್ಪಿಸಿದರೆ ಅದು ಜೂಜಿನ ಲೆಕ್ಕಕ್ಕೆ ಬಂದೀತೆಂಬ ಭಯದಿಂದ, ಪಂದ್ಯ ನಡಸುವವರು ಪ್ರವೇಶದ ಹಣವನ್ನು ಸ್ಥಳಕ್ಕೂ ಏರ್ಪಾಡಿಗೂ ಮಾತ್ರ ವೆಚ್ಚಮಾಡಿ, ಬಹುಮಾನವನ್ನು ಬೇರೆ ಪ್ರಾಯೋಜಕರಿಂದ ಕೊಡಿಸುವ ಪದ್ಧತಿ ಬೆಳೆದಿದೆ. ನಾಣ್ಯ ಹಾಕಿ ಆಡುವ ಅಂಗಡಿಗಳು ಆಟದ ಫಲವನ್ನು ನೋಡಿ ಬಹುಮಾನ ಕೊಡುವುದಕ್ಕೆ ಮತ್ತೊಂದು ಕಾನೂನಿನ ನಿರ್ಬಂಧವೂ ಉಂಟು. ಜಗತ್ತಿಗೆ ಈ ಆಟಗಳನ್ನು ಕೊಟ್ಟ ದೇಶಗಳಲ್ಲಿ ಮುಖ್ಯವಾದುದರ ಕಾನೂನೂ ನಮ್ಮ ತಾಯಿಯವರ ಅಭಿಪ್ರಾಯವೂ ಇಷ್ಟು ಹತ್ತಿರವಿರುವುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಪ್ರವೇಶಧನದ ಈ ಜಿಜ್ಞಾಸೆ ನಮ್ಮ ನಾಡಿಗೂ ಹೊಸದಲ್ಲ. ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ ಪತ್ರಿಕೆಗಳ ಮೂಲಕ ಪದಬಂಧದ ಸ್ಪರ್ಧೆಗಳು ನಡೆಯುತ್ತಿದ್ದವು. ಉತ್ತರದೊಡನೆ ಪ್ರವೇಶದ ಹಣವನ್ನು ಕಳುಹಿಸತಕ್ಕದ್ದು, ಸರಿಹೊಂದಿದವರಿಗೆ ದೊಡ್ಡ ಬಹುಮಾನ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೂಲಕ ನಡೆಯುತ್ತಿದ್ದ ಇಂಥದೊಂದು ಸ್ಪರ್ಧೆ ಮುಂಬಯಿ ಪ್ರಾಂತದ ಕಾನೂನಿಗೆ ಸಿಕ್ಕಿಬಿದ್ದು, ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೫೫ರಲ್ಲಿ ಪಾರ್ಲಿಮೆಂಟು ಬಹುಮಾನಸ್ಪರ್ಧೆಗಳ ಕಾಯಿದೆಯನ್ನು ಮಾಡಿ, ತಿಂಗಳೊಂದಕ್ಕೆ ೧,೦೦೦ ರೂಪಾಯಿಗೆ ಮೀರಿದ ಬಹುಮಾನವಿರುವ ಸ್ಪರ್ಧೆಗಳನ್ನು ನಿಷೇಧಿಸಿತು. ೧೯೫೭ರ ಏಪ್ರಿಲಿನಲ್ಲಿ ನ್ಯಾಯಾಲಯವು ತೀರ್ಪುಕೊಟ್ಟು, ಜೂಜು ವ್ಯಾಪಾರವೆಂಬ ಹೆಸರಿಗೆ ಅರ್ಹವಲ್ಲವೆಂದೂ, ಗೆಲುವು ಬಹುಮಟ್ಟಿಗೆ ಜಾಣ್ಮೆಯನ್ನವಲಂಬಿಸಿರುವ ಸ್ಪರ್ಧೆಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲವೆಂದೂ ಹೇಳಿತು. ಆದರೆ ಆ ಪದಬಂಧವು ಜೂಜೇ ಎಂದಿತು. ಎರಡು ಪದಗಳು ಸಮನಾಗಿ ಹೊಂದುವ ಕಡೆಯಲ್ಲಿ, ಇನ್ನೊಬ್ಬರು ಮುಚ್ಚಿಟ್ಟ ಪದ ಯಾವುದೆಂದು ಊಹಿಸುವುದರಲ್ಲಿ ಪಾಂಡಿತ್ಯಕ್ಕೆ ಕೆಲಸವೇನಿದೆ? ಹೊರಗೆ ವಿದ್ಯೆಯ ವೇಷ; ಒಳಗೆ ಅದೃಷ್ಟದ ಆಟ.

ಅಂದಿನ ಪದಬಂಧದ ಸ್ಥಾನದಲ್ಲಿ ಇಂದು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಹಣ ಕಟ್ಟಿ ಆಡುವ ಆಟಗಳು ಬಂದವು. ನಮ್ಮ ಕರ್ನಾಟಕ ಸರ್ಕಾರವು ೨೦೨೧ರಲ್ಲಿ ಅಂಥವನ್ನು ನಿಷೇಧಿಸುವುದಕ್ಕಾಗಿ ಪೊಲೀಸ್ ಕಾಯಿದೆಯನ್ನು ತಿದ್ದಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಅನಂತರ ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆನ್‌ಲೈನ್ ಆಟಗಳ ಬಗೆಗೆ ಕಾಯಿದೆಯನ್ನು ಮಾಡಿತು. ಗೆದ್ದು ಹಣ ಪಡೆಯುವ ಆಶೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಜಾಣ್ಮೆಯದಾದರೂ ಅದೃಷ್ಟದ್ದಾದರೂ ನಡಸಕೂಡದೆಂದು ಅದರ ವಿಧಿ. ‘ಇ-ಸ್ಪೋರ್ಟ್ಸ್’ ಎಂದು ಅಂಗೀಕೃತವಾದ ಕ್ರೀಡೆಯನ್ನು ಮಾತ್ರ ಬೇರೆ ಮಾಡಿ, ಅದರಲ್ಲಿ ಸ್ಪರ್ಧೆಗೆ ಸೇರುವುದಕ್ಕೋ ಏರ್ಪಾಡಿನ ಖರ್ಚಿಗೋ ಮಾತ್ರವಾಗಿ ಶುಲ್ಕ ತೆಗೆದುಕೊಳ್ಳಬಹುದೆಂದೂ, ಆಟದ ಸಾಮರ್ಥ್ಯಕ್ಕೆ ತಕ್ಕ ಬಹುಮಾನ ಕೊಡಬಹುದೆಂದೂ ಹೇಳಿದೆ. ಆಡುವವರಾಗಲಿ ನೋಡುವವರಾಗಲಿ ಪಣ ಒಡ್ಡುವುದಕ್ಕೆ ಅವಕಾಶವಿಲ್ಲ. ಕಾನೂನಿನ ಸೂಕ್ಷ್ಮಗಳು ವಕೀಲರಿಗೆ ಸೇರಿದುವು. ಗೃಹಸ್ಥನಿಗೆ ಅದರಿಂದ ದೊರೆಯುವ ಅಳತೆಗೋಲು ಮಾತ್ರ ಸರಳವಾದುದು: ಕೊಟ್ಟ ಹಣ ಶುಲ್ಕವಾಗಿ ನಡೆದುಕೊಳ್ಳುತ್ತಿದೆಯೆ, ಪಣವಾಗಿ ನಡೆದುಕೊಳ್ಳುತ್ತಿದೆಯೆ?

ಈ ಅಳತೆಗೋಲನ್ನು ಹಿಡಿದುಕೊಂಡು ಮೂರು ವಾರಗಳ ಮೇಲೆ ನಾವು ಹುಡುಗನೊಡನೆ ಮತ್ತೊಂದು ಕೇಂದ್ರಕ್ಕೆ ಹೋದೆವು. ಅಲ್ಲಿಯೂ ಹದಿನಾರು ಮಂದಿ. ಅದೇ ಕಾಲ್ಚೆಂಡಿನ ಆಟ. ಶುಲ್ಕ ೧೫೦ ರೂಪಾಯಿ. ಚೀಟಿಯಲ್ಲಿ ಹೀಗೆ ಬರೆದಿತ್ತು: ‘ಸ್ಥಳಕ್ಕೆ ೫೦, ಬಹುಮಾನಕ್ಕೆ ೧೦೦. ಬಹುಮಾನದ ಹಣ ಬಂದವರ ಸಂಖ್ಯೆಯಂತೆ. ಮೊದಲನೆಯವರಿಗೆ ನೂರಕ್ಕೆ ಅರವತ್ತು, ಎರಡನೆಯವರಿಗೆ ಮೂವತ್ತು, ಮೂರನೆಯವರಿಗೆ ಹತ್ತು.’ ಅದರಂತೆ ಕೂಡಿದ ೧,೬೦೦ ರೂಪಾಯಿ ೯೬೦, ೪೮೦, ೧೬೦ ಎಂದು ಹಂಚಿಕೆಯಾಯಿತು, ಕೇಂದ್ರಕ್ಕೆ ೮೦೦. ಇಷ್ಟು ಬಹುಮಾನವೆಂಬ ದೊಡ್ಡ ಅಂಕಿಯ ಆಕರ್ಷಣೆ ಅಲ್ಲಿರಲಿಲ್ಲ. ಬದಲಾಯಿಸುವುದಕ್ಕೆ ಆಸ್ಪದವೂ ಇರಲಿಲ್ಲ.

ಆಟದ ಕ್ರಮದಲ್ಲಿಯೂ ವ್ಯತ್ಯಾಸವಿತ್ತು. ಒಮ್ಮೆ ಸೋತವನು ಹೊರಬೀಳುವ ಪಂದ್ಯದಲ್ಲಿ ಹದಿನಾರು ಮಂದಿಗೆ ಒಟ್ಟು ಹದಿನೈದೇ ಆಟಗಳು. ಏಕೆಂದರೆ ಒಂದೊಂದು ಆಟವೂ ಒಬ್ಬನನ್ನು ಹೊರಕ್ಕೆ ಕಳುಹಿಸುತ್ತದೆ, ಒಬ್ಬನು ಉಳಿಯಬೇಕಾದರೆ ಹದಿನೈದು ಮಂದಿ ಹೊರಬೀಳಬೇಕು. ಅವರಲ್ಲಿ ಎಂಟು ಮಂದಿ, ಅಂದರೆ ಹಣ ಕೊಟ್ಟವರಲ್ಲಿ ಸರಿಯಾಗಿ ಅರ್ಧ, ಒಂದೇ ಆಟವಾಡಿ ಮನೆಗೆ ಹೋಗುತ್ತಾರೆ. ಎರಡು ಸಲ ಸೋತ ಮೇಲೆ ಹೊರಬೀಳುವ ಕ್ರಮದಲ್ಲಿ ಆಟಗಳು ಮೂವತ್ತೋ ಮೂವತ್ತೊಂದೋ ಆಗುತ್ತವೆ. ತೀರ ಕೈಲಾಗದವನಿಗೂ ಎರಡು ಆಟ ಸಿಕ್ಕುತ್ತದೆ. ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡುವಂತೆ ಮಾಡಿದರೆ ಒಬ್ಬೊಬ್ಬನಿಗೂ ಮೂರು ಆಟ ಖಂಡಿತ. ಈ ಎರಡನೆಯ ಕೇಂದ್ರದವರು ಎರಡು ಸೋಲಿನ ಕ್ರಮವನ್ನಿಟ್ಟುಕೊಂಡಿದ್ದರು. ಅದಲ್ಲದೆ, ಹೊರಬಿದ್ದ ಹುಡುಗರಿಗೆ ಒಂದು ಯಂತ್ರವನ್ನು ಸಂಜೆಯವರೆಗೆ ಬಿಟ್ಟುಕೊಟ್ಟಿದ್ದರು.

ಯಜಮಾನನು ಮೂವತ್ತು ವರ್ಷದೊಳಗಿನ ತರುಣ. “ಶುಲ್ಕವೇ ಇಲ್ಲದೆ ನಡಸಬಾರದೆ?” ಎಂದು ನಾವು ಅವನನ್ನು ಕೇಳಿದೆವು. ಅವನು ನಕ್ಕು, “ಎರಡು ಸಲ ನಡಸಿ ನೋಡಿದೆ ಸಾರ್. ನಲವತ್ತು ಹುಡುಗರು ಹೆಸರು ಕೊಟ್ಟರು, ಹನ್ನೆರಡು ಮಂದಿ ಬಂದರು. ಯಾರ ಜೊತೆ ಯಾರು ಆಡಬೇಕು ಅನ್ನುವ ಪಟ್ಟಿಯೇ ಕೆಟ್ಟುಹೋಯಿತು. ಐವತ್ತು ರೂಪಾಯಿ ಕೊಟ್ಟವನು ಬಂದೇ ಬರುತ್ತಾನೆ” ಎಂದನು. ಈ ಮಾತು ನಮಗೆ ನ್ಯಾಯವಾಗಿ ಕಂಡಿತು. ಪಂದ್ಯವನ್ನು ನೋಡುತ್ತ ಒಬ್ಬನು ಪಣದ ಮಾತೆತ್ತಿದಾಗ ಇದೇ ತರುಣನು ಎದ್ದುಹೋಗಿ ಅವನನ್ನು ಮೆಟ್ಟಿಲಿಳಿಸಿ ಬಂದುದನ್ನೂ ನಾವು ಕಂಡೆವು.

ಅಂದು ಕೂಡ ನಮ್ಮ ಹುಡುಗನಿಗೆ ಬಹುಮಾನ ಬರಲಿಲ್ಲ. ಒಂದು ಗೆದ್ದು ಎರಡು ಸೋತನು. ಆದರೆ ಹಿಂದಿರುಗುವಾಗ ಬಸ್ಸಿನಲ್ಲಿ ಅವನ ಬಾಯಲ್ಲಿ ಇದ್ದುದು ಹಣದ ಮಾತಲ್ಲ. “ಅವನು ಎಡಗಡೆಯಿಂದಲೇ ಬರುತ್ತಾನೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಎರಡು ಗೋಲು ಆಗಿಹೋಗಿತ್ತು ದೊಡ್ಡಪ್ಪ” ಎಂದು ಮನೆ ಸೇರುವವರೆಗೂ ಸೋಲಿನ ವಿವರವನ್ನೇ ಹೇಳುತ್ತಿದ್ದನು. ಮೂರು ವಾರದ ಹಿಂದಿನ ಮಾತಿಗೂ ಈ ಮಾತಿಗೂ ಇರುವ ಅಂತರವನ್ನು ವಾಚಕರೇ ಗಮನಿಸಬಹುದು.

ಈ ಅನುಭವದಿಂದ, ಮನೆಯ ಹಿರಿಯರು ಹಣ ಕೊಡುವುದಕ್ಕೆ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳು ನಮಗೆ ಸ್ಪಷ್ಟವಾದುವು. ಮೊದಲನೆಯದು, ಶುಲ್ಕದಲ್ಲಿ ಸ್ಥಳಕ್ಕೆಷ್ಟು, ಬಹುಮಾನಕ್ಕೆಷ್ಟು ಎಂದು ಬರೆದು ತೋರಿಸಿದ್ದಾರೆಯೆ? ಎರಡನೆಯದು, ಜನ ಕಡಮೆಯಾದರೆ ಬಹುಮಾನದ ಗತಿಯೇನು? ಪಂದ್ಯವೇ ನಿಂತರೆ ಹಣ ಹಿಂದಕ್ಕೆ ಬರುತ್ತದೆಯೆ? ಮೂರನೆಯದು, ಮೊದಲನೆಯ ಸೋಲಿಗೇ ಹೊರಬೀಳಬೇಕೆ, ಕನಿಷ್ಠ ಎಷ್ಟು ಆಟ ಸಿಕ್ಕುತ್ತದೆ? ಸ್ಥಳದ ಪಾಲನ್ನು ಆ ಆಟಗಳ ಹೊತ್ತಿಗೆ ಭಾಗಿಸಿ, ಗಂಟೆಯ ಬಾಡಿಗೆಯೊಡನೆ ಹೋಲಿಸಿ ನೋಡಬಹುದು. ನಾಲ್ಕನೆಯದು, ಸೋತ ಮೇಲೆ ಮತ್ತೆ ಹಣ ಕಟ್ಟಿ ಅದೇ ಪಂದ್ಯಕ್ಕೆ ಸೇರಬಹುದೆಂದು ಹೇಳುತ್ತಾರೆಯೆ? ಹಾಗೆ ಹೇಳುವ ಕಡೆಗೆ ಹುಡುಗರನ್ನು ಕಳುಹಿಸದಿರುವುದೇ ಲೇಸು. ಐದನೆಯದು, ಅಲ್ಲಿ ನಿಂತು ನೋಡುವವರು ಪಣ ಕಟ್ಟುತ್ತಾರೆಯೆ, ಯಜಮಾನನು ಅದನ್ನು ತಡೆಯುತ್ತಾನೆಯೆ? ಇದನ್ನು ತಿಳಿಯಬೇಕಾದರೆ ಚೀಟಿಯನ್ನೋದಿದರೆ ಸಾಲದು. ಒಮ್ಮೆಯಾದರೂ ಹೋಗಿ ಕುಳಿತು ನೋಡಬೇಕು.

ಮಿಕ್ಕ ಒಂದು ಪ್ರಶ್ನೆಯನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಸಿನಿಮಾ ಟಿಕೇಟಿಗೆ ಕೊಟ್ಟ ಹಣದಂತೆ ಇದನ್ನು ಮರೆಯುವುದಕ್ಕೆ ನಾವೂ ಹುಡುಗನೂ ಸಿದ್ಧರಿದ್ದೇವೆಯೆ? ಬಹುಮಾನ ಬರುವುದೆಂದು ಎಣಿಸಿ ಕೊಟ್ಟ ಶುಲ್ಕ, ಕೊಡುವವನ ಮನಸ್ಸಿನಲ್ಲಿಯೇ ಪಣವಾಗಿ ಮಾರ್ಪಟ್ಟಿರುತ್ತದೆ. “ಗೆದ್ದೆಯೋ?” ಎಂದು ಬಾಗಿಲಲ್ಲಿಯೇ ಕೇಳುವುದನ್ನು ಬಿಟ್ಟು, “ಆಟ ಹೇಗಾಯಿತು?” ಎಂದು ಕೇಳಿದರೆ ಹುಡುಗನ ಮನಸ್ಸೂ ಆ ಕಡೆಗೆ ತಿರುಗುವುದನ್ನು ನಾವು ಕಂಡಿದ್ದೇವೆ.

ಈಗ ನಮ್ಮ ಮನೆಯಲ್ಲಿ ಒಂದು ಏರ್ಪಾಡಾಗಿದೆ. ತಿಂಗಳಿಗೆ ಒಂದು ಪಂದ್ಯ. ಶುಲ್ಕದಲ್ಲಿ ಅರ್ಧ ಹುಡುಗನ ಕೈಖರ್ಚಿನದು, ಅರ್ಧ ನಮ್ಮದು. ಸೋತ ವಾರ ಮತ್ತೊಂದು ಪಂದ್ಯದ ಮಾತಿಲ್ಲ. ಕಾಲೇಜಿನ ಪಾಠಗಳು ಆರಂಭವಾದ ಮೇಲೆಯೂ ಅವನು ಇದನ್ನು ತಪ್ಪದೆ ನಡಸಿಕೊಂಡು ಬರುತ್ತಿದ್ದಾನೆ. ಮೊನ್ನೆ ಅವನು ಅಜ್ಜಿಯ ಪಕ್ಕದಲ್ಲಿ ಕುಳಿತು, ಒಂದು ಚೀಟಿಯನ್ನು ಹಿಡಿದು, ಸ್ಥಳಕ್ಕಿಷ್ಟು, ಬಹುಮಾನಕ್ಕಿಷ್ಟು ಎಂದು ಲೆಕ್ಕವನ್ನು ವಿವರಿಸುತ್ತಿದ್ದನು. ನಮ್ಮ ತಾಯಿಯವರು ಎಲ್ಲವನ್ನೂ ಕೇಳಿ, “ಐವತ್ತು ರೂಪಾಯಿ ಜಾಗಕ್ಕೆ ಅನ್ನುವುದು ಒಪ್ಪಿದೆ. ಆ ನೂರು ರೂಪಾಯಿಯನ್ನು ಮಾತ್ರ ನಾನಿನ್ನೂ ಒಪ್ಪಿಲ್ಲ” ಎಂದರು. ಹುಡುಗನು ನಮ್ಮ ಕಡೆಗೆ ನೋಡಿದನು. ಅವರ ಆಕ್ಷೇಪಣೆಗೆ ಆಧಾರವಿಲ್ಲವೆಂದು ಹೇಳುವುದಕ್ಕೆ ನಮಗೂ ಮನಸ್ಸು ಬರಲಿಲ್ಲ. ಬಹುಮಾನದ ಬದಲು ಒಂದು ಲೋಟವನ್ನೋ ಪದಕವನ್ನೋ ಇಟ್ಟು, ಐವತ್ತೇ ರೂಪಾಯಿಗೆ ಪಂದ್ಯ ನಡಸಲು ಸಾಧ್ಯವೇ ಎಂದು ಆ ತರುಣ ಯಜಮಾನನನ್ನು ಮುಂದಿನ ಭಾನುವಾರ ಕೇಳುವುದೆಂದು ದೊಡ್ಡಪ್ಪನೂ ಮಗನೂ ನಿಶ್ಚಯಿಸಿಕೊಂಡಿದ್ದೇವೆ.